ಧಾರವಾಡದ ಗುಳಿಗೆ ಮತ್ತು ಕೊರಳಿನ ಗ್ರಂಥಿ

ಇತಿಹಾಸದ ಮಾಸ್ತರನಾಗಿದ್ದ ನಾನು ಈ ಸಲ ಔಷಧಗಳ ಬಗ್ಗೆ ಬರೆಯಹೊರಟಿರುವುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ನಾನು ವೈದ್ಯನಲ್ಲ. ಆದರೆ ಔಷಧಗಳಿಗೂ ಒಂದು ಇತಿಹಾಸವಿದೆ. ಅದನ್ನು ಅರಿಯದೆ ನಾನೇ ಒಂದು ದೊಡ್ಡ ತಪ್ಪನ್ನು ಮಾಡಿದ್ದೇನೆ. ಆ ತಪ್ಪನ್ನು ಹೇಳಿಕೊಳ್ಳಲು ಸಂಕೋಚವಿದ್ದರೂ ಹೇಳಿಕೊಳ್ಳುವುದೇ ಲೇಸೆಂದು ಈ ಲೇಖನ.

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಒಂದು ಮಾತಿದೆ. ಯಾರಾದರೂ ಅಸಂಬದ್ಧವಾಗಿ ನಡೆದುಕೊಂಡರೆ "ಇವನ್ನ ಧಾರವಾಡಕ್ಕ ಕಳಸಬೇಕ ನೋಡು" ಎನ್ನುತ್ತಾರೆ. ಧಾರವಾಡವೆಂದರೆ ಪೇಢೆ, ಸಾಹಿತ್ಯ, ಸಂಗೀತ, ವಿಶ್ವವಿದ್ಯಾಲಯ ಎಂದೆಲ್ಲ ಹೊರಗಿನವರು ಅಂದುಕೊಳ್ಳುತ್ತಾರೆ. ನಮ್ಮ ಬಾಲ್ಯದಲ್ಲಿ ಮಾತ್ರ ಆ ಊರಿನ ಹೆಸರು ಇನ್ನೊಂದು ಅರ್ಥದಲ್ಲಿಯೂ ಚಲಾವಣೆಯಲ್ಲಿತ್ತು. ಅದಕ್ಕೆ ಕಾರಣ ಅಲ್ಲಿಯ ಮಾನಸಿಕ ಆಸ್ಪತ್ರೆ. 1845ರಲ್ಲಿ, ಕಂಪನಿ ಸರ್ಕಾರದ ಕಾಲದಲ್ಲಿ, ಆರಂಭವಾದ ಆ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಹೆಸರಿನಲ್ಲಿ ಬೋಧನಾ ಸಂಸ್ಥೆಯಾಗಿ ಬೆಳೆದಿದೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗಕ್ಕೆ ಬೆಂಗಳೂರು ದೂರದ ಮಾತು. ನಮಗೆ ಧಾರವಾಡವೇ ಮೊದಲು, ಧಾರವಾಡವೇ ಕೊನೆ.

ಇಲ್ಲೊಂದು ಸ್ವಾರಸ್ಯವನ್ನು ಹೇಳಬೇಕು. ನರಗುಂದದವರಿಗೆ 1858 ಎಂದೊಡನೆ ನೆನಪಾಗುವುದು ಬಾಬಾಸಾಹೇಬರ ಬಂಡಾಯ, ಸುರೇಬಾನದಲ್ಲಿ ಮ್ಯಾನ್ಸನ್ನನ ವಧೆ, ಆಮೇಲೆ ಬೆಳಗಾವಿಯ ಗಲ್ಲು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಈ ಪಾಠವನ್ನು ಮಾಡಿದವನು. ಅದೇ 1858ರಲ್ಲಿ ಆಂಗ್ಲರು ಭಾರತದ ಹುಚ್ಚರ ಆಶ್ರಯಾಲಯಗಳಿಗೂ ಒಂದು ಕಾಯ್ದೆ ಮಾಡಿದರೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಅನಂತರ 1912ರ ಕಾಯ್ದೆ, 1987ರ ಕಾಯ್ದೆ, 2017ರ ಕಾಯ್ದೆ. ಪ್ರತಿ ಕಾಯ್ದೆಯೊಡನೆ ಹೆಸರು ಸೌಮ್ಯವಾಗುತ್ತ ಬಂದಿತು. ಊರಿನ ಮಾತು ಮಾತ್ರ ಹಾಗೆಯೇ ಉಳಿಯಿತು. ಆ ಮಾತಿನ ಭಯದಿಂದಲೇ ನಮ್ಮಲ್ಲಿ ಎಷ್ಟೋ ಜನ ಮನಸ್ಸಿನ ಗುಳಿಗೆಯನ್ನು ಕದ್ದು ತೆಗೆದುಕೊಳ್ಳುತ್ತಾರೆ, ಯಾರಿಗೂ ಹೇಳದೆ ಬಿಟ್ಟುಬಿಡುತ್ತಾರೆ. ನಾನೂ ಅವರಲ್ಲಿ ಒಬ್ಬ.

2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ನನ್ನ ತಮ್ಮ ತೀರಿಕೊಂಡ. ಮಣ್ಣಿಗೆ ಹೋಗಲೂ ಆಗಲಿಲ್ಲ. ಆ ವರ್ಷದ ದೀಪಾವಳಿಯ ಹೊತ್ತಿಗೆ ನನಗೆ ನಿದ್ರೆ ದೂರವಾಗಿತ್ತು. ನಸುಕಿನ ಮೂರು ಗಂಟೆಗೆ ಎಚ್ಚರವಾಗಿ, ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪಗಳನ್ನು ನೋಡುತ್ತ ಮಾಳಿಗೆಯ ಮೇಲೆ ಕೂಡುತ್ತಿದ್ದೆ. ಪತ್ರಿಕೆ ಓದುವುದು ಬಿಟ್ಟುಹೋಯಿತು. ನಲವತ್ತು ವರ್ಷ ತಪ್ಪದ ಅಭ್ಯಾಸವದು. ನಮ್ಮ ಮನೆಯವರು ಒತ್ತಾಯ ಮಾಡಿ ವೈದ್ಯರೊಬ್ಬರ ಬಳಿ ಕರೆದೊಯ್ದರು. ಅವರು ಪ್ಯಾರಾಕ್ಸೆಟಿನ್ ಎಂಬ ಗುಳಿಗೆಯನ್ನು ಬರೆದುಕೊಟ್ಟರು. ರಕ್ತಪರೀಕ್ಷೆಯ ಮಾತು ಆಗ ಬರಲಿಲ್ಲ. ಒಂದೂವರೆ ತಿಂಗಳಿಗೆ ನಿದ್ರೆ ಮರಳಿತು, ಪತ್ರಿಕೆಯೂ ಮರಳಿತು. ಗುಳಿಗೆಯ ಉಪಕಾರವನ್ನು ನಾನು ಮರೆಯುವಂತಿಲ್ಲ.

ಆದರೆ 2022ರ ಕೊನೆಯಲ್ಲಿ ಬೇರೊಂದು ಬಗೆಯ ಜಡತ್ವ ಆವರಿಸಿತು. ದುಃಖವಿಲ್ಲ, ಆದರೂ ಏಳಲು ಮನಸ್ಸಿಲ್ಲ. ಮೈ ಭಾರವಾಯಿತು, ದನಿ ದಪ್ಪವಾಯಿತು, ಮಲಬದ್ಧತೆ ಕಾಡಿತು. ಆರೋಗ್ಯ ಶಿಬಿರವೊಂದರಲ್ಲಿ ರಕ್ತ ಕೊಟ್ಟಾಗ ಟಿ.ಎಸ್.ಎಚ್. 18.6 ಎಂದು ಬಂದಿತು. ಸುಮಾರು 0.4ರಿಂದ 4ರವರೆಗೆ ಇರಬೇಕಾದದ್ದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಕೊರಳಿನ ಥೈರಾಯ್ಡ್ ಗ್ರಂಥಿಗೆ ಕಳುಹಿಸುವ ಆಜ್ಞೆ ಇದು. ಕೆಳಗಿನವನು ಕೆಲಸ ಮಾಡದಿದ್ದರೆ ಮೇಲಿನವನ ಕೂಗು ಜೋರಾಗುತ್ತದೆ. ನಮ್ಮ ಶಿಕ್ಷಣ ಇಲಾಖೆಯ ಸುತ್ತೋಲೆಗಳಂತೆ ಎಂದು ತಿಳಿಯಿರಿ. ಅಂಕಿ ಹೆಚ್ಚಾಯಿತೆಂದರೆ ಥೈರಾಯ್ಡ್ ಸೋತಿದೆ ಎಂದರ್ಥ.

ಅದೇ ವಾರ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಬೀಗರ ಪೈಕಿಯ ಹಿರಿಯರೊಬ್ಬರು ಪಕ್ಕಕ್ಕೆ ಕುಳಿತರು. ಯಾರೋ ಅವರ ಕಿವಿಗೆ ನನ್ನ ವಿಷಯ ಹಾಕಿದ್ದರು. "ಮಾಸ್ತರ, ಆ ತಲಿ ಗುಳಗಿ ತಗೊಂಡ್ರ ಥೈರಾಯ್ಡ್ ಬರತೈತ್ರಿ. ಇವತ್ತ ಬಿಟ್ಟುಬಿಡ್ರಿ" ಎಂದರು. ಜೀವಮಾನವಿಡೀ ಮಕ್ಕಳಿಗೆ "ಆಧಾರ ಯಾವುದು?" ಎಂದು ಕೇಳಿದವನು ನಾನು. ಅಂದು ಅವರನ್ನು ಕೇಳಲಿಲ್ಲ. ಮನೆಗೆ ಬಂದು ಗುಳಿಗೆಯ ಪಟ್ಟಿಯನ್ನು ಕಪಾಟಿನ ಮೇಲೆ ಎಸೆದೆ.

ಮೂರನೆಯ ದಿನ ರೋಣದ ಬಸ್ ನಿಲ್ದಾಣದಲ್ಲಿದ್ದೆ. ತಲೆ ತಿರುಗಿಸಿ ಬಸ್ಸಿನ ಫಲಕವನ್ನು ನೋಡಿದೊಡನೆ ತಲೆಯೊಳಗೆ ಕರೆಂಟು ಹೊಡೆದಂತಾಯಿತು. ಕಣ್ಣು ಹೊರಳಿಸಿದಾಗಲೆಲ್ಲ ಮತ್ತೆ ಮತ್ತೆ ಅದೇ ಝಳಕು. ನೆಲ ತೇಲಿದಂತೆ, ಹೊಟ್ಟೆ ತೊಳಸಿದಂತೆ. ರಾತ್ರಿ ಭೀಕರ ಕನಸುಗಳು. ಮರುದಿನ ಮೊಮ್ಮಗಳು ಹಾಲು ಚೆಲ್ಲಿದಳೆಂದು ಅವಳ ಮೇಲೆ ಕೂಗಿದೆ, ಆಮೇಲೆ ಬಚ್ಚಲಮನೆಗೆ ಹೋಗಿ ಅತ್ತೆ. ತಮ್ಮನ ದುಃಖವೇ ಮರಳಿ ಬಂದಿತೆಂದು, ಹುಚ್ಚೇ ಹಿಡಿಯಿತೆಂದು ಭಾವಿಸಿದೆ. ಧಾರವಾಡದ ಆ ಮಾತು ನೆನಪಾಯಿತು. ಹತ್ತನೆಯ ದಿನ ಮಗಳು ನನ್ನನ್ನು ಜಿಲ್ಲಾ ಕೇಂದ್ರದ ಮನೋವೈದ್ಯರೊಬ್ಬರಲ್ಲಿಗೆ ಕರೆದೊಯ್ದಳು. ಅವರು ಕೇಳಿದ ಮೊದಲ ಪ್ರಶ್ನೆಯೇ, "ಗುಳಗಿ ಒಮ್ಮೆಲೇ ಬಿಟ್ಟೀರೇನ್ರಿ ಸರ?"

ಗುಣವಾದ ಮೇಲೆ, ಇತಿಹಾಸದ ಚಟದವನಾದ್ದರಿಂದ, ಈ ಎರಡು ಸಂಗತಿಗಳು ಯಾವಾಗಿನಿಂದ ತಿಳಿದಿದ್ದವು ಎಂದು ಹುಡುಕಿದೆ. ಕೊರಳಿನ ಗ್ರಂಥಿಗೂ ಮನಸ್ಸಿಗೂ ಇರುವ ನಂಟು ಒಂದು, ಗುಳಿಗೆ ಬಿಟ್ಟಾಗಿನ ಸಂಕಟ ಇನ್ನೊಂದು. ಕಂಡದ್ದು ನನ್ನನ್ನು ಬೆರಗುಗೊಳಿಸಿತು.

1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯ ಐದು ಮಂದಿ ಮಹಿಳೆಯರ ಬಗ್ಗೆ ಬರೆದ. ಮುಖ ಊದಿ, ನಾಲಗೆ ದಪ್ಪವಾಗಿ, ಮಾತು ಮಂದವಾಗಿ, ಮನಸ್ಸೂ ಮಂದವಾದ ಹೆಂಗಸರು ಅವರು. 1878ರಲ್ಲಿ ಆರ್ಡ್ ಎಂಬಾತ ಈ ಕಾಯಿಲೆಗೆ ಮಿಕ್ಸೆಡಿಮಾ ಎಂದು ಹೆಸರಿಟ್ಟ. 1888ರಲ್ಲಿ ಲಂಡನ್ನಿನ ಕ್ಲಿನಿಕಲ್ ಸೊಸೈಟಿಯ ಸಮಿತಿ ನೂರಕ್ಕೂ ಹೆಚ್ಚು ರೋಗಿಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಕಾರಣ ಥೈರಾಯ್ಡ್ ಗ್ರಂಥಿಯ ನಾಶ ಎಂದು ಆ ವರದಿ ಹೇಳಿತು. ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ ಭ್ರಮೆಗಳೂ ಚಿತ್ತವಿಕಾರವೂ ಇದ್ದವೆಂದೂ ದಾಖಲಿಸಿತು. ಇಂಥವರಿಗೆ ಚಳಿ ತಡೆಯದು, ಚರ್ಮ ಒಣಗುತ್ತದೆ, ದನಿ ಗೊಗ್ಗರಾಗುತ್ತದೆ, ಸದಾ ತೂಕಡಿಕೆ.

ಮೂರೇ ವರ್ಷಗಳಲ್ಲಿ, 1891ರಲ್ಲಿ, ನ್ಯೂಕ್ಯಾಸಲ್ಲಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡಿನ ರಸವನ್ನು 46 ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿದ. ಆಕೆ ಎದ್ದು ಕುಳಿತಳು, ಬದುಕಿದಳು, 1919ರಲ್ಲಿ 74ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟರೊಳಗೆ ಆಕೆಗಾಗಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದವಂತೆ. (ಶಾಕಾಹಾರಿ ಮಿತ್ರರು ಗಾಬರಿಯಾಗಬೇಕಿಲ್ಲ. 1914ರಲ್ಲಿ ಅಮೆರಿಕೆಯ ಕೆಂಡಾಲ್ ಥೈರಾಕ್ಸಿನ್ ಎಂಬ ಆ ಸತ್ತ್ವವನ್ನು ಬೇರ್ಪಡಿಸಿದ, 1927ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಕೃತಕವಾಗಿ ತಯಾರಿಸಿದರು. ಇಂದು ನಾವು ನುಂಗುವುದು ಕಾರ್ಖಾನೆಯಲ್ಲಿ ಮಾಡಿದ್ದು.)

1949 ಒಂದು ವಿಚಿತ್ರ ವರ್ಷ. ಆ ವರ್ಷ ಲಂಡನ್ನಿನ ರಿಚರ್ಡ್ ಆಶರ್ ಎಂಬ ವೈದ್ಯ ಹದಿನಾಲ್ಕು ರೋಗಿಗಳ ಕಥೆಯನ್ನು ಪ್ರಕಟಿಸಿದ. ಹುಚ್ಚು ಹಿಡಿದಿದೆ ಎಂದು ತಿಳಿಯಲಾಗಿದ್ದ ಅವರಿಗೆ ಇದ್ದದ್ದು ಥೈರಾಯ್ಡ್ ಕೊರತೆ. ಥೈರಾಯ್ಡ್ ಔಷಧ ಕೊಟ್ಟ ಮೇಲೆ ಬಹುಪಾಲು ಮಂದಿ ಸ್ವಸ್ಥರಾದರು. ಅದೇ ವರ್ಷ ಆಸ್ಟ್ರೇಲಿಯದಲ್ಲಿ ಜಾನ್ ಕೇಡ್ ಎಂಬಾತ ಲಿಥಿಯಂ ಎಂಬ ಲವಣವು ಉನ್ಮಾದವನ್ನು ತಣಿಸುತ್ತದೆಂದು ಬರೆದ. ಒಬ್ಬ ಥೈರಾಯ್ಡ್ ಕೊಟ್ಟು ಮನಸ್ಸನ್ನು ಸರಿಪಡಿಸಿದ. ಇನ್ನೊಬ್ಬನ ಔಷಧ ಮನಸ್ಸನ್ನು ಸರಿಪಡಿಸಿದರೂ ಕೆಲವರ ಥೈರಾಯ್ಡನ್ನು ಕೆಡಿಸುವುದೆಂಬುದು ಆಮೇಲೆ ಗೊತ್ತಾಯಿತು. 1968ರಲ್ಲಿ ಡೆನ್ಮಾರ್ಕಿನ ಮೋಗೆನ್ಸ್ ಶೌ ಮತ್ತು ಸಂಗಡಿಗರು ಲಿಥಿಯಂ ಸೇವಿಸುವವರಲ್ಲಿ ಗಳಗಂಡ ಬರುವುದನ್ನು ವರದಿ ಮಾಡಿದರು. ಗ್ರಂಥಿಯಿಂದ ಹಾರ್ಮೋನು ಹೊರಬರುವುದನ್ನೇ ಲಿಥಿಯಂ ತಡೆಯುತ್ತದೆ. ಆದ್ದರಿಂದಲೇ ಇಂದು ಲಿಥಿಯಂ ತೆಗೆದುಕೊಳ್ಳುವವರಿಗೆ ಮೊದಲೂ, ಅನಂತರ ನಿಯತವಾಗಿಯೂ ಥೈರಾಯ್ಡ್ ಪರೀಕ್ಷೆ ಮಾಡಿಸುತ್ತಾರೆ. ಏರುಪೇರಾದರೂ ಬಹಳ ಸಲ ಲಿಥಿಯಂ ನಿಲ್ಲಿಸದೆ ಥೈರಾಕ್ಸಿನ್ ಕೊಟ್ಟು ಸರಿದೂಗಿಸುತ್ತಾರೆ.

ಬೀಗರ ಪೈಕಿಯ ಆ ಹಿರಿಯರ ಮಾತಿನ ಬೇರು ಬಹುಶಃ ಇಲ್ಲಿದೆ. ಲಿಥಿಯಂ ಬಗೆಗಿನ ಸತ್ಯ ಬಾಯಿಂದ ಬಾಯಿಗೆ ಹರಿದು ಎಲ್ಲ "ತಲಿ ಗುಳಗಿ"ಗಳಿಗೂ ಅಂಟಿಕೊಂಡಿತು. ಖಿನ್ನತೆಗೆ ಇಂದು ಸಾಮಾನ್ಯವಾಗಿ ಕೊಡುವ ಫ್ಲೂಆಕ್ಸೆಟಿನ್, ಸರ್ಟ್ರಲಿನ್, ಪ್ಯಾರಾಕ್ಸೆಟಿನ್ ಮುಂತಾದವುಗಳ ವಿಷಯ ಬೇರೆ. ಕೆಲವು ಅಧ್ಯಯನಗಳಲ್ಲಿ ಹಾರ್ಮೋನಿನ ಅಲ್ಪ ಏರಿಳಿತ ಕಂಡುಬಂದಿದ್ದರೂ ಅದು ಹೆಚ್ಚಾಗಿ ಸಹಜ ಮಿತಿಯೊಳಗೇ ಇರುತ್ತದೆ. ಆರೋಗ್ಯವಂತ ಗ್ರಂಥಿಯನ್ನು ಅವು ಹಾಳುಮಾಡುತ್ತವೆ ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿಲ್ಲ. ಆದರೆ ಈಗಾಗಲೇ ಥೈರಾಕ್ಸಿನ್ ನುಂಗುತ್ತಿರುವವರು ಒಂದು ವಿಷಯ ತಿಳಿದಿರಬೇಕು. ಸರ್ಟ್ರಲಿನ್ ಆರಂಭಿಸಿದ ಕೆಲವರಲ್ಲಿ ಟಿ.ಎಸ್.ಎಚ್. ಏರಿ, ಥೈರಾಕ್ಸಿನ್ ಪ್ರಮಾಣವನ್ನು ಹೆಚ್ಚಿಸಬೇಕಾಗಿ ಬಂದದ್ದನ್ನು 1997ರಲ್ಲಿಯೇ ಅಮೆರಿಕೆಯ ವೈದ್ಯರು ವರದಿ ಮಾಡಿದ್ದಾರೆ. ಎರಡೂ ಗುಳಿಗೆಗಳಿರುವವರು ಇಬ್ಬರು ವೈದ್ಯರಿಗೂ ಎರಡರ ವಿಷಯವನ್ನೂ ಹೇಳುವುದು ಒಳ್ಳೆಯದು. ನಮ್ಮಲ್ಲಿ ಥೈರಾಯ್ಡಿನ ಚೀಟಿಯನ್ನು ತೋರಿಸುತ್ತಾರೆ, ಮನಸ್ಸಿನ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಿರುತ್ತಾರೆ.

ಇನ್ನು ಬಿಡುವ ಸಂಕಟದ ಇತಿಹಾಸ. ಖಿನ್ನತೆಯ ಮೊದಲ ಗುಳಿಗೆಗಳು ಬಂದದ್ದು 1957ರ ಆಸುಪಾಸಿನಲ್ಲಿ. ಕ್ಷಯರೋಗಕ್ಕೆಂದು ಕೊಟ್ಟ ಐಪ್ರೋನಿಯಾಜಿಡ್ ರೋಗಿಗಳಲ್ಲಿ ಅತಿಯಾದ ಉಲ್ಲಾಸ ತಂದದ್ದನ್ನು ಕಂಡು ಅಮೆರಿಕೆಯ ನೇಥನ್ ಕ್ಲೈನ್ ಅದನ್ನು ಖಿನ್ನರ ಮೇಲೆ ಪ್ರಯೋಗಿಸಿದ. ಸ್ವಿಟ್ಜರ್ಲೆಂಡಿನ ಮ್ಯುನ್ಸ್ಟರ್ಲಿಂಗೆನ್ ಎಂಬ ಸರೋವರದ ದಡದ ಊರಿನ ಆಸ್ಪತ್ರೆಯಲ್ಲಿ ರೋಲಂಡ್ ಕುಹ್ನ್ ಇಮಿಪ್ರಮಿನ್ನಿನ ಗುಣವನ್ನು ಕಂಡುಕೊಂಡ. ಹಠಾತ್ತನೆ ಇಮಿಪ್ರಮಿನ್ ನಿಲ್ಲಿಸಿದರೆ ವಾಕರಿಕೆ, ತಲೆಸುತ್ತು, ತಳಮಳ ಬರುತ್ತದೆಂದು 1959ರಲ್ಲಿ ಒಂದು ವರದಿ, 1961ರಲ್ಲಿ ಇನ್ನೊಂದು ವರದಿ ಪ್ರಕಟವಾದವು. ಅಂದರೆ ಔಷಧ ಹುಟ್ಟಿ ನಾಲ್ಕೇ ವರ್ಷಗಳಲ್ಲಿ ಈ ಸಂಗತಿ ಲೋಕಕ್ಕೆ ಗೊತ್ತಿತ್ತು! 1969ರಲ್ಲಿ ಇದೇ ಇಮಿಪ್ರಮಿನ್ನಿನ ಜೊತೆಗೆ ಥೈರಾಯ್ಡ್ ಹಾರ್ಮೋನು ಕೊಟ್ಟರೆ ಖಿನ್ನತೆ ಬೇಗ ಇಳಿಯುವುದೆಂದು ಅಮೆರಿಕೆಯ ಪ್ರಾಂಜ್ ಮತ್ತು ಸಂಗಡಿಗರು ತೋರಿಸಿದರು. ಕೊರಳೂ ಮನಸ್ಸೂ ಒಂದೇ ಮನೆಯ ಎರಡು ಕೋಣೆಗಳೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

1987ರ ಡಿಸೆಂಬರಿನಲ್ಲಿ ಅಮೆರಿಕೆಯಲ್ಲಿ ಫ್ಲೂಆಕ್ಸೆಟಿನ್ನಿಗೆ ಒಪ್ಪಿಗೆ ಸಿಕ್ಕಿತು. ಆ ಬಗೆಯ ಹೊಸ ಗುಳಿಗೆಗಳು ಬಂದ ಮೇಲೆ ಹಳೆಯ ಪಾಠ ಮಸುಕಾಯಿತೆಂದು ತೋರುತ್ತದೆ. ಬಿಟ್ಟಾಗಿನ ಲಕ್ಷಣಗಳು ಸೌಮ್ಯ, ಒಂದೆರಡು ವಾರದಲ್ಲಿ ತಾವೇ ಹೋಗುತ್ತವೆ ಎಂಬ ನಂಬಿಕೆ ಬಹುಕಾಲ ಇತ್ತು. 2019ರಲ್ಲಿ ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ತನ್ನ ನಿಲುವನ್ನು ತಿದ್ದಿಕೊಂಡು, ಕೆಲವರಲ್ಲಿ ಅದು ತೀವ್ರವೂ ದೀರ್ಘವೂ ಆಗಬಹುದೆಂದು ಒಪ್ಪಿತು. ಹಾಗೆಂದು ಎಲ್ಲರೂ ಹೆದರಬೇಕಾಗಿಯೂ ಇಲ್ಲ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2024ರಲ್ಲಿ ಜರ್ಮನಿಯ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಗುಳಿಗೆ ಬಿಟ್ಟವರಲ್ಲಿ ನೂರಕ್ಕೆ ಸುಮಾರು 31 ಜನರಿಗೆ ಏನಾದರೊಂದು ಲಕ್ಷಣ ಕಂಡಿತು. ಬರಿಯ ಹಿಟ್ಟಿನ ಗುಳಿಗೆಯನ್ನು ಬಿಟ್ಟವರಲ್ಲಿಯೂ 17 ಜನರಿಗೆ ಕಂಡಿತು! ತೀವ್ರ ಸಂಕಟವಾದದ್ದು ನೂರಕ್ಕೆ ಸುಮಾರು ಮೂವರಿಗೆ. ನಾನು ಆ ಮೂವರಲ್ಲಿ ಒಬ್ಬನಿರಬೇಕು. ಎಣಿಕೆಯಲ್ಲಿ ಸಣ್ಣವನಾದರೂ ಬಸ್ ನಿಲ್ದಾಣದಲ್ಲಿ ಕಂಬ ಹಿಡಿದು ನಿಂತವನಿಗೆ ಅದು ನೂರಕ್ಕೆ ನೂರೇ.

ಕೆಲವು ಗುಳಿಗೆಗಳಿಂದ ಹೆಚ್ಚು, ಕೆಲವುಗಳಿಂದ ಕಡಿಮೆ ತೊಂದರೆಯೇಕೆ? ಪ್ಯಾರಾಕ್ಸೆಟಿನ್ ಸುಮಾರು ಒಂದು ದಿನದಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಫ್ಲೂಆಕ್ಸೆಟಿನ್ ಮತ್ತು ದೇಹದಲ್ಲಿ ಅದರಿಂದ ಉಂಟಾಗುವ ಅಂಶ ವಾರಗಟ್ಟಲೆ ಉಳಿದು ತಾನೇ ಮೆಲ್ಲನೆ ಕರಗುತ್ತದೆ. ಆದ್ದರಿಂದ ಮೊದಲನೆಯದನ್ನು ಬಿಟ್ಟವನು ಮೆಟ್ಟಿಲಿಲ್ಲದ ಕಡೆ ಕಾಲಿಟ್ಟಂತೆ ಬೀಳುತ್ತಾನೆ.

ನನ್ನ ವೈದ್ಯರು ಮೊದಲು ಹಳೆಯ ಪ್ರಮಾಣವನ್ನೇ ಮತ್ತೆ ಆರಂಭಿಸಿದರು. ಎರಡು-ಮೂರು ದಿನಗಳಲ್ಲಿ ತಲೆಯೊಳಗಿನ ಕರೆಂಟು ನಿಂತಿತು. ಅಷ್ಟು ಬೇಗ ನಿಂತದ್ದೇ ಅದು ರೋಗದ ಮರುಕಳಿಕೆಯಲ್ಲ, ಬಿಟ್ಟದ್ದರ ಪರಿಣಾಮ ಎಂಬುದಕ್ಕೆ ಗುರುತು ಎಂದರು. ಜೊತೆಗೆ ಥೈರಾಕ್ಸಿನ್ ಶುರುವಾಯಿತು. "ನಿಮ್ಮ ಗ್ರಂಥಿ ಮೊದಲಿಂದನ ಮಂದ ಆಗಿತ್ತೋ ಏನೋ. ಆವಾಗ ಯಾರೂ ನೋಡಿಲ್ಲ. ಈಗ ಹೆಂಗ್ ಹೇಳೂದ್ರಿ?" ಎಂದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಆಯಾಸ, ಜಡತ್ವ, ತೂಕ ಹೆಚ್ಚಳ, ಮರೆವು, ನಿರುತ್ಸಾಹ ಇವೆಲ್ಲ ಖಿನ್ನತೆಯಲ್ಲಿಯೂ ಬರುತ್ತವೆ, ಥೈರಾಯ್ಡ್ ಕೊರತೆಯಲ್ಲಿಯೂ ಬರುತ್ತವೆ. ಎರಡನ್ನೂ ಬೇರ್ಪಡಿಸಲು ಒಂದು ಸೀಸೆ ರಕ್ತ ಸಾಕು.

ಥೈರಾಯ್ಡ್ ಹದಕ್ಕೆ ಬಂದು, ಮನಸ್ಸೂ ನೆಲೆನಿಂತ ಮೇಲೆ ಪ್ಯಾರಾಕ್ಸೆಟಿನ್ನನ್ನು ಇಳಿಸಲು ತೊಡಗಿದರು. 20ರಿಂದ 15ಕ್ಕೆ, 10ಕ್ಕೆ, ಅನಂತರ ಇನ್ನೂ ಸಣ್ಣ ಸಣ್ಣ ತುಣುಕುಗಳಲ್ಲಿ, ಒಟ್ಟು ಏಳು ತಿಂಗಳು. ಮೊದಲು ಸುಲಭವಾಗಿದ್ದದ್ದು ಕೊನೆಕೊನೆಗೆ ಕಠಿಣವಾಯಿತು. ಇದಕ್ಕೂ ವಿವರಣೆಯಿದೆ. 2019ರಲ್ಲಿ ಹೊರೊವಿಟ್ಜ್ ಮತ್ತು ಟೇಲರ್ ಎಂಬಿಬ್ಬರು ವೈದ್ಯರು ಇದನ್ನು ವಿವರಿಸಿದ್ದಾರೆ. ನಾನು ನಮ್ಮ ಕೆರೆಯ ಮೂಲಕ ಅರ್ಥಮಾಡಿಕೊಂಡೆ. ಕೆರೆ ಮೇಲೆ ಅಗಲ, ತಳದಲ್ಲಿ ಕಿರಿದು. ತುಂಬಿದಾಗ ನೂರು ಕೊಡ ತೆಗೆದರೂ ಮಟ್ಟ ಇಳಿದದ್ದು ತಿಳಿಯದು. ಬೇಸಿಗೆಯಲ್ಲಿ ತಳ ಹತ್ತಿರವಾದಾಗ ಅದೇ ನೂರು ಕೊಡಕ್ಕೆ ಮೀನು ಮೇಲೆ ಬೀಳುತ್ತವೆ. ಗುಳಿಗೆಯೂ ಹಾಗೆಯೇ. ಕೊನೆಯ ಚೂರುಗಳು ಸಣ್ಣವು, ಆದರೆ ಮಿದುಳಿಗೆ ದೊಡ್ಡವು. ಹಾಗಾಗಿ ಕೊನೆಯಲ್ಲಿ ಇನ್ನೂ ಕಡಿಮೆ ಕೊಡ ತೆಗೆಯಬೇಕು. ಇದನ್ನೆಲ್ಲ ವೈದ್ಯರೇ ನಿಂತು ಮಾಡಿಸಬೇಕು. ನನ್ನ ಲೆಕ್ಕವನ್ನು ಯಾರೂ ನಕಲು ಮಾಡಕೂಡದು. ಮಕ್ಕಳಿಗೆ ಪರೀಕ್ಷೆಯಲ್ಲಿ ಹೇಳುತ್ತಿದ್ದ ಮಾತನ್ನೇ ಹೇಳುತ್ತಿದ್ದೇನೆ.

ಆ ಏಳು ತಿಂಗಳಲ್ಲಿ ನನಗೆ ನೆರವಾದದ್ದು ಒಂದು ನೂರು ಪುಟದ ನೋಟುಬುಕ್ಕು. ದಿನಾಂಕ, ಪ್ರಮಾಣ, ನಿದ್ರೆ, ತಲೆಸುತ್ತು, ಸಿಟ್ಟು ಇಷ್ಟನ್ನೇ ಬರೆಯುತ್ತಿದ್ದೆ. ಮೊಮ್ಮಗಳಿಗೆ "ಅಜ್ಜಂದು ಇವತ್ತು ಕರೆಂಟಿನ ದಿವಸ" ಎಂದು ಮೊದಲೇ ಹೇಳಿಬಿಡುತ್ತಿದ್ದೆ. ಅವಳು ದೂರದಿಂದಲೇ ನೋಡಿ ನಗುತ್ತಿದ್ದಳು. ಥೈರಾಕ್ಸಿನ್ನಿನ ತೊಂದರೆ ಬೇರೆಯದು. ಬರಿಹೊಟ್ಟೆಯಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಚಹಾ ಕುಡಿಯಬಾರದು. ಉತ್ತರ ಕರ್ನಾಟಕದ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳಿಗೂ ಇದಕ್ಕೂ ನಾಲ್ಕು ತಾಸಿನ ಅಂತರವಿರಬೇಕೆಂದೂ ಹೇಳಿದ್ದಾರೆ.

ಈಗ, ಇಷ್ಟೆಲ್ಲ ಬರೆಯಲು ನಿಜವಾದ ಕಾರಣ.

ನನ್ನ ಬಾಲ್ಯ ನರಗುಂದದಲ್ಲಿ, ಗುಡ್ಡದ ಕೆಳಗಿನ ಓಣಿಯಲ್ಲಿ ಕಳೆಯಿತು. 1970ರ ಸುಮಾರು. ನಮ್ಮ ಎದುರು ಮನೆಯಲ್ಲಿ ಒಬ್ಬ ಅತ್ತಿ ಇದ್ದಳು. ಸಂಬಂಧದಲ್ಲಿ ಅತ್ತೆಯಲ್ಲ, ಓಣಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ನಾಲ್ಕು ಮಕ್ಕಳ ತಾಯಿ. ಮೊದಲು ಲವಲವಿಕೆಯವಳಾಗಿದ್ದವಳು ಒಂದೆರಡು ವರ್ಷಗಳಲ್ಲಿ ಮಂಕಾದಳು. ಮುಖ ಊದಿತು. ದನಿ ಗಂಡಸಿನಂತಾಯಿತು. ಹಗಲೆಲ್ಲ ಕಂಬಕ್ಕೆ ಒರಗಿ ತೂಕಡಿಸುವಳು. ಆಮೇಲೆ ಬಾವಿಯೊಳಗಿಂದ ಯಾರೋ ಕರೆಯುತ್ತಾರೆ ಎನ್ನತೊಡಗಿದಳು. ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿದರು, ಅಮಾವಾಸ್ಯೆಗೆ ಎಲ್ಲೆಲ್ಲಿಗೋ ಕರೆದೊಯ್ದರು. ಕೊನೆಗೆ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಧಾರವಾಡಕ್ಕೆ ಕರೆದುಕೊಂಡು ಹೋದರು. ಓಣಿಯ ಹುಡುಗರಾದ ನಾವು ಬಸ್ಸಿನ ಹಿಂದೆ ಓಡುತ್ತ ಕೂಗಿದೆವು. ಏನೆಂದು ಕೂಗಿದೆವು ಎಂಬುದನ್ನು ಇಲ್ಲಿ ಬರೆಯಲಾರೆ. ನಾನೂ ಕೂಗಿದ್ದೆ. ಅವಳು ಅಲ್ಲಿ ಎಷ್ಟು ದಿನವಿದ್ದಳೋ, ಅಲ್ಲಿಂದ ತವರಿಗೆ ಹೋದಳೆಂದು ಕೇಳಿದೆ. ನರಗುಂದಕ್ಕೆ ಮತ್ತೆ ಬರಲಿಲ್ಲ.

ಆಶರನ ಆ ಹದಿನಾಲ್ಕು ರೋಗಿಗಳ ವಿಷಯ ಓದಿದ ರಾತ್ರಿ ನನಗೆ ಮತ್ತೆ ನಿದ್ರೆ ಬರಲಿಲ್ಲ. 1949ರಲ್ಲಿಯೇ ಅಚ್ಚಾದ ಸಂಗತಿ. ಗುಳಿಗೆಯಂತೂ ಅದಕ್ಕೂ ಹಳೆಯದು. ಆದರೆ ಟಿ.ಎಸ್.ಎಚ್. ಪರೀಕ್ಷೆಯೆಂಬುದು ಆ ಕಾಲದ ನಮ್ಮ ತಾಲೂಕುಗಳಲ್ಲಿ ಕೇಳರಿಯದ ಮಾತು. ಇತಿಹಾಸ ಕಲಿಸಿದವನು ಸಾಕ್ಷ್ಯವಿಲ್ಲದೆ ತೀರ್ಪು ಕೊಡಬಾರದು. ಅವಳಿಗೆ ಇದೇ ಇತ್ತೆಂದು ನಾನು ಹೇಳಲಾರೆ. ಐವತ್ತು ವರ್ಷಗಳ ಹಿಂದೆ ಹುಡುಗನೊಬ್ಬ ಕಂಡದ್ದು ಎಷ್ಟರ ಸಾಕ್ಷ್ಯ?

ಕಳೆದ ಪಂಚಮಿಗೆ ನರಗುಂದದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅವಳಿಗೀಗ ಎಪ್ಪತ್ತಾರು. ಉಂಡಿ ಕಟ್ಟುತ್ತ ಕುಳಿತಿದ್ದಳು. ಗಲ್ಲನ ಐದು ಹೆಂಗಸರ ವಿಷಯವನ್ನಾಗಲಿ, ಚಳಿಯ ವಿಷಯವನ್ನಾಗಲಿ ನಾನು ಅವಳಿಗೆ ಹೇಳಿರಲಿಲ್ಲ. ಎದುರು ಮನೆಯ ಅತ್ತಿ ನೆನಪಿದ್ದಾಳೇನು ಎಂದಷ್ಟೇ ಕೇಳಿದೆ. ಅಕ್ಕ ಎಳ್ಳಿನ ಕೈಯನ್ನು ಹಾಗೆಯೇ ನಿಲ್ಲಿಸಿ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದಳು.

"ನೆನಪಿಲ್ಲದ ಏನೋ! ಪಾಪ, ಯುಗಾದಿ ಬಿಸಲಾಗೂ ಕಂಬಳಿ ಹೊತ್ಕೊಂಡು ಕೂಡ್ತಿದ್ಳು ಅಕಿ."